ಕೆರೆ ಏರಿಯ ತಿರುವಿನಲ್ಲಿ ಹೆಗಲು ತಟ್ಟಿದ್ದು

ದೆವ್ವ, ಪಿಶಾಚಿ, ಗಾಳಿ ಸೋಕುವುದು ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತವರು ಚನ್ನರಾಯಪಟ್ಟಣದ ಕಡೆಯ ಒಂದು ಸಣ್ಣ ಹಳ್ಳಿ. ಸಂಜೆಯ ಮೇಲೆ ಹುಣಸೆಮರದ ಕೆಳಗೆ ಹೋಗಬೇಡಿ ಎನ್ನುವವರು ಅಲ್ಲಿ ಮನೆಗೊಬ್ಬರಿದ್ದರು. ನನ್ನ ಅಪ್ಪ ಮಾತ್ರ ಅದೇ ಮರಕ್ಕೆ ಎತ್ತು ಕಟ್ಟುತ್ತಿದ್ದ. "ಎತ್ತಿಗೆ ಕಾಣ್ದಿರೋ ದೆವ್ವ ನಿಮ್ಗೆ ಎಲ್ಲಿಂದ ಕಾಣ್ತದ್ರಪ್ಪ?" ಎಂದು ಕೇಳುತ್ತಿದ್ದ. ನಾನು ಅವನ ಮಗಳು. ಏಳನೇ ತರಗತಿಯವರೆಗೆ ಊರಿನ ಶಾಲೆಯಲ್ಲಿ ಓದಿದೆ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಸೇರಿಸಿ ಬರೆಯಬಾರದು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗೆಯೇ ಬರೆಯಲು ನೋಡುತ್ತೇನೆ.

ಚಂದನ್, ಮಾನ್ಯ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳಬಹುದಿತ್ತು. ಆದರೆ ನಿಮ್ಮ ಅಜ್ಜಿಗೆ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ ಎಂಬುದು ನಿಮಗೇ ಗೊತ್ತು. ಹೋದ ತಿಂಗಳು ಚಂದನ್‌ಗೆ ಹದಿನೆಂಟು ತುಂಬಿತು. ಲೈಸೆನ್ಸ್ ಬಂದ ದಿನ ಬೈಕಿನ ಕೀ ಕೊಡುತ್ತೇನೆಂದು ನಿಮ್ಮಪ್ಪ ಮಾತು ಕೊಟ್ಟಿದ್ದಾನೆ. ಆ ದಿನದೊಳಗೆ ಇದನ್ನು ಬರೆದು ಮುಗಿಸಬೇಕೆಂದು ಕೂತಿದ್ದೇನೆ.

ನಿಮ್ಮ ತಾತನಿಂದ ಶುರುಮಾಡಬೇಕು. ಚಂದನ್, ಅವರು ತೀರಿಕೊಂಡಾಗ ನೀನು ತೊಟ್ಟಿಲಲ್ಲಿದ್ದೆ. ಮಾನ್ಯ ಇನ್ನೂ ಹುಟ್ಟಿರಲಿಲ್ಲ. ಅವರು ಪಂಪ್‌ಸೆಟ್ ಮೋಟರು ರಿಪೇರಿ ಮಾಡುತ್ತಿದ್ದರು. ಸುಟ್ಟುಹೋದ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿ, ಅದಕ್ಕೆ ವಾರ್ನಿಷ್ ಹಾಕಿ ಒಣಗಿಸುವುದು ಅವರ ಕೆಲಸ. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಯಾವ ಊರಿನಲ್ಲಿ ಮೋಟರು ಸುಟ್ಟರೂ ಇವರಿಗೇ ಫೋನು. ಎಷ್ಟು ಸೋಪು ಹಾಕಿ ತೊಳೆದರೂ ಅವರ ಕೈಯಿಂದ ವಾರ್ನಿಷ್ ವಾಸನೆ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಮುದ್ದೆಯ ಬಿಸಿಗೆ ಆ ವಾಸನೆ ಇನ್ನಷ್ಟು ಏಳುತ್ತಿತ್ತು. ಮೊದಮೊದಲು ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಅದಿಲ್ಲದೆ ಮನೆ ಮನೆ ಅನ್ನಿಸುತ್ತಿರಲಿಲ್ಲ.

ಅವರು ಬೈಕನ್ನು ಜೋರಾಗಿ ಓಡಿಸುತ್ತಿದ್ದರು. ಹಿಂದೆ ಒಂದು ಪಕ್ಕಕ್ಕೆ ಕೂತ ನನಗೆ ಜೀವ ಕೈಯಲ್ಲಿ. ನಿಧಾನ ಎಂದು ಕೂಗಿ ಹೇಳಲು ನಾಚಿಕೆ, ಹೇಳಿದರೂ ಗಾಳಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೆ ನಾವಿಬ್ಬರೂ ಒಂದು ಸನ್ನೆ ಮಾಡಿಕೊಂಡಿದ್ದೆವು. ನಾನು ಅವರ ಹೆಗಲನ್ನು ಒಂದು ಸಲ ತಟ್ಟಿದರೆ ನಿಧಾನ ಮಾಡಬೇಕು. ಎರಡು ಸಲ ತಟ್ಟಿದರೆ ನಿಲ್ಲಿಸಬೇಕು. ಎರಡು ಎಂದರೆ ಪಟಪಟ ಅಲ್ಲ. ಒಂದು ತಟ್ಟಿ, ಉಸಿರು ಬಿಡುವಷ್ಟು ತಡೆದು, ಇನ್ನೊಂದು. ಇದು ನಿಮ್ಮಪ್ಪನಿಗೂ ಗೊತ್ತಿರಲಿಲ್ಲ. ಗಂಡ ಹೆಂಡಿರ ನಡುವಿನ ಸನ್ನೆ, ಮಕ್ಕಳಿಗೇಕೆ ಹೇಳುತ್ತೇವೆ?

ಸಂಕ್ರಾಂತಿ ಕಳೆದ ಮೇಲೆ ಚನ್ನರಾಯಪಟ್ಟಣದಲ್ಲಿ ನನ್ನ ತಮ್ಮನ ಮನೆ ಗೃಹಪ್ರವೇಶವಿತ್ತು. ಹೊರಡುವ ದಿನ ಬೆಳಿಗ್ಗೆ ನಾನು ಒಂದು ಕೆಲಸ ಮಾಡಿದೆ. ಕಿತ್ತು ಒಟ್ಟಿದ್ದ ಹುರುಳಿಯನ್ನು ಕೆರೆ ಏರಿಯ ತಿರುವಿನ ಹತ್ತಿರ ಟಾರು ರಸ್ತೆಗೆ ಹರಡಿದೆ. ನೀವು ನೋಡಿದ್ದೀರಿ, ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುವುದು. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಉರುಳಿಸುವ ಕಾಲ ಹೋಯಿತು. ರಸ್ತೆಗೆ ಹಾಕಿದರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಮಧ್ಯಾಹ್ನ ಒಂದು ಸಲ ತಿರುವಿ ಹಾಕು ಎಂದು ವಾರಗಿತ್ತಿಗೆ ಹೇಳಿ, ಸೀರೆ ಉಟ್ಟುಕೊಂಡು ಹೊರಟೆ.

ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ನಿಮ್ಮ ತಾತ ತಮಾಷೆಗೆ ಇಳಿದರು. ನನ್ನ ತಮ್ಮ, "ಬಾವ, ವಾಪಸ್ ಓಗೋವಾಗ ಸ್ವಲ್ಪ ಮೆತ್ಗೆ ಓಗಿ" ಎಂದ.

"ನಿಮ್ಮಕ್ಕ ಹಿಂದೆ ಕೂತ್ರೆ ನಂಗೆ ಬ್ರೇಕೇ ಬ್ಯಾಡ ಕಣಪ್ಪ" ಎಂದರು ಇವರು. "ಎತ್ತಿಗೆ ತಟ್ದಂಗೆ ಹೆಗಲ ಮ್ಯಾಲೆ ತಟ್ತಾನೆ ಇರ್ತಾಳೆ."

ಬಡಿಸುತ್ತಿದ್ದ ತಮ್ಮನ ಹೆಂಡತಿ ಸುಮ್ಮನಿರಬಾರದೇ? "ಅಂಗಾರೆ ಬಾವ್ನೋರ್ ಕೊರಳಿಗೊಂದ್ ಗಂಟೆ ಕಟ್ಬುಡಿ ಅತ್ಗೆ, ಬರೋದು ಊರಿಗೆಲ್ಲ ಕೇಳ್ಸಲಿ" ಎಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಯಾರೂ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಮ್ಮಿಬ್ಬರೊಳಗೇ ಇದ್ದದ್ದನ್ನು ಎಲೆಯ ಮುಂದೆ ಬಡಿಸಿಬಿಟ್ಟರಲ್ಲ ಎಂದು ಕೋಪ ಬಂತು. ಮನೆ ಮುಟ್ಟುವವರೆಗೆ ಇವರ ಹೆಗಲ ಮೇಲೆ ಕೈ ಇಡುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಚನ್ನರಾಯಪಟ್ಟಣ ದಾಟುವವರೆಗೆ ಅವರು ಹೆಲ್ಮೆಟ್ ಹಾಕಿದ್ದರು. ಊರಾಚೆ ಪೊಲೀಸರು ಹಿಂದಾದ ಮೇಲೆ ತೆಗೆದು ನನ್ನ ಕೈಗೆ ಕೊಟ್ಟರು. "ತಾಂಬೂಲನ ಇದ್ರೊಳಿಕ್ಕೆ ಮಡಿಕ, ಬೀಳಕಿಲ್ಲ" ಎಂದರು. ಹೆಲ್ಮೆಟ್ಟನ್ನು ಅಂಗಾತ ಮಾಡಿ, ಅದರೊಳಗೆ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಎರಡೂ ಕೈಯಿಂದ ಮಡಿಲಲ್ಲಿ ಹಿಡಿದುಕೊಂಡೆ. ಹೆಗಲು ಮುಟ್ಟದಿರಲು ಒಂದು ನೆಪವೂ ಸಿಕ್ಕಿತು.

ಹೊಳೆನರಸೀಪುರ ದಾಟಿ ನಮ್ಮೂರ ಕೆರೆ ಕಾಣಿಸಿತು. ಸಂಜೆ ಬಿಸಿಲು ಇನ್ನೂ ಇತ್ತು. ಆಗ ನನಗೆ ಹುರುಳಿ ನೆನಪಾಯಿತು. ತಿರುವಿನಾಚೆ ಹುರುಳಿ ಇದೆ, ನಾನೇ ಹಾಕಿದ್ದೇನೆ, ತಟ್ಟಬೇಕು ಎಂದುಕೊಂಡೆ. ಚಂದನ್, ಮಾನ್ಯ, ಇಷ್ಟನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಹುರುಳಿ ನಮ್ಮದೆಂದು ಊರಿಗೆಲ್ಲ ಗೊತ್ತು. ನನಗೆ ಅದು ಸಮಯಕ್ಕೆ ಸರಿಯಾಗಿ ನೆನಪಾಗಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ನಗಾಡಿದರಲ್ಲ, ಅವರೇ ನೋಡಿಕೊಳ್ಳಲಿ ಎಂದು ಒಂದು ಗಳಿಗೆ ಬಿಗಿದುಕೊಂಡು ಕೂತೆ. ಅಷ್ಟರಲ್ಲಿ ತಿರುವು ಬಂದಿತ್ತು.

ಬೈಕು ಒಣಗಿದ ಹುರುಳಿ ಬಳ್ಳಿಯ ಮೇಲೆ ಜಾರಿತು. ನಾನು ಏರಿಯ ಕೆಳಗಿನ ಹುಲ್ಲಿಗೆ ಬಿದ್ದೆ. ಮೊಣಕೈಯ ಚರ್ಮ ಕಿತ್ತುಹೋಗಿತ್ತು, ಅಷ್ಟೇ. ಅವರ ತಲೆ ಏರಿಯ ಕಲ್ಲಿಗೆ ಬಡಿದಿತ್ತು. ಹೆಲ್ಮೆಟ್ ನನ್ನ ಪಕ್ಕದಲ್ಲೇ ಬಿದ್ದಿತ್ತು. ಅದರೊಳಗೆ ತೆಂಗಿನಕಾಯಿ ಒಡೆಯದೆ ಹಾಗೆಯೇ ಇತ್ತು.

ಪೊಲೀಸರು ಮಹಜರು ಮಾಡಲು ಬರುವ ಹೊತ್ತಿಗೆ ಊರಿನವರು ಹುರುಳಿಯನ್ನು ಎಳೆದುಹಾಕಿ ರಸ್ತೆ ಗುಡಿಸಿದ್ದರು. ನಮಗೆ ತೊಂದರೆಯಾಗಬಾರದು ಎಂದೇ ಮಾಡಿದ್ದು. ಜೋರಾಗಿ ಓಡಿಸುತ್ತಿದ್ದ, ಬಿದ್ದ ಎಂದಾಯಿತು. ಅದೂ ಸುಳ್ಳಲ್ಲ. ತಿರುವಿನಾಚೆ ಏನಿದೆಯೆಂದು ಕಾಣದೆಯೇ ಅಷ್ಟು ಜೋರಾಗಿ ನುಗ್ಗಿದ್ದು ಅವರ ತಪ್ಪು. ಹೆಲ್ಮೆಟ್ ತೆಗೆದದ್ದೂ ಅವರ ತಪ್ಪೇ. ಆದರೆ ಉಳಿದದ್ದು ನನ್ನದು.

ಇದಾಗಿ ಮೂರು ವರ್ಷದ ಮೇಲೆ ನಾನು ಹೇಳಹೊರಟ ಸಂಗತಿ ನಡೆಯಿತು. ಆಗಲೂ ಹುರುಳಿಯ ಕಾಲವೇ. ನನ್ನ ಕಣ್ಣಿಗೆ ಪೊರೆ ಬಂದಿತ್ತು. ಹಾಸನದ ಕಣ್ಣಿನ ಡಾಕ್ಟರು ಬೆಳಿಗ್ಗೆಯೇ ಬರಲು ಹೇಳಿದ್ದರು. ನನ್ನನ್ನು ಹೊಳೆನರಸೀಪುರಕ್ಕೆ ಕರೆದೊಯ್ದು ಬಸ್ಸು ಹತ್ತಿಸಲು ನಿಮ್ಮಪ್ಪ ಲೋಕೇಶ ಬೈಕು ತೆಗೆದ. ಬೆಳಕು ಹರಿದಿತ್ತು, ಆದರೆ ಮಂಜು ಎಷ್ಟಿತ್ತೆಂದರೆ ನಮ್ಮ ಮನೆಯ ಗೇಟಿನಿಂದ ಎದುರಿನ ಮನೆ ಕಾಣುತ್ತಿರಲಿಲ್ಲ.

"ಸ್ವಲ್ಪ ಹೊತ್ತು ತಡಿಯಪ್ಪ, ಮಂಜು ಇಳೀಲಿ" ಎಂದೆ.

"ಇಳಿಯೋದು ಎಂಟಕ್ಕೆ ಕಣವ್ವ. ಅಷ್ಟೊತ್ಗೆ ಬಸ್ಸು ಸಾಲಗಾಮೆ ದಾಟಿರ್ತದೆ" ಎಂದ. ಸಾಲಗಾಮೆ ಹಾಸನದಿಂದಾಚೆ, ನಮ್ಮ ಬಸ್ಸು ಆ ದಾರಿಯಲ್ಲಿ ಹೋಗುವುದೇ ಇಲ್ಲ. ನನ್ನನ್ನು ನಗಿಸಲು ಹೇಳಿದ ಮಾತು. ಅಪ್ಪನದೇ ನಾಲಿಗೆ, ಬೈಕಿನ ಮೇಲೆ ಅಪ್ಪನದೇ ಕೈ.

ನಾನು ಯಾವತ್ತಿನಂತೆ ಎಡಕ್ಕೆ ಕಾಲು ಹಾಕಿ ಒಂದು ಪಕ್ಕಕ್ಕೆ ಕೂತೆ. ಸ್ವೆಟರ್ ಹಾಕಿ, ತಲೆಗೆ ಸೆರಗು ಹೊದ್ದಿದ್ದೆ. ಆಸ್ಪತ್ರೆ ಚೀಟಿಯ ಬ್ಯಾಗು ಮಡಿಲಲ್ಲಿತ್ತು. ಬಲಗೈಯಿಂದ ಸೀಟಿನ ಕಂಬಿ ಹಿಡಿದಿದ್ದೆ. ಗಂಡ ಹೋದ ಮೇಲೆ ನಾನು ಯಾರ ಹೆಗಲ ಮೇಲೂ ಕೈ ಇಟ್ಟಿರಲಿಲ್ಲ, ಮಗನ ಹೆಗಲ ಮೇಲೂ. ಆ ರೀತಿ ಕೂತಾಗ ನಮ್ಮ ಬಲ ಹೆಗಲು ಓಡಿಸುವವನ ಬೆನ್ನಿಗೆ ತಾಗಿರುತ್ತದೆ. ಎಡ ಹೆಗಲು ಹಿಂದಕ್ಕೆ, ಯಾರೂ ಇಲ್ಲದ ಕಡೆಗೆ ಇರುತ್ತದೆ. ಇದನ್ನು ಗಮನವಿಟ್ಟು ಓದಿ.

ಏರಿಯ ಮೇಲೆ ಬಂದೆವು. ಆ ಜಾಗದಲ್ಲಿ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವತ್ತೂ ಮುಚ್ಚಿಕೊಂಡೆ. ತಿರುವು ಇನ್ನೂ ಸ್ವಲ್ಪ ಮುಂದಿತ್ತು. ಆಗ ನನ್ನ ಎಡ ಹೆಗಲನ್ನು ಯಾರೋ ತಟ್ಟಿದರು.

ಒಂದು ಸಲ. ಉಸಿರು ಬಿಡುವಷ್ಟು ತಡೆದು, ಇನ್ನೊಂದು ಸಲ.

ಗಾಳಿ ತಾಗಿದ ಹಾಗೆ ಅಲ್ಲ. ನಾಲ್ಕು ಬೆರಳು ಕೂಡಿಸಿ ತಟ್ಟಿದ ಹಾಗೆ, ಸ್ವೆಟರಿನ ಒಳಗೆ ತೋಳಿನ ಮೂಳೆಗೆ ಗೊತ್ತಾಗುವ ಹಾಗೆ. ನನಗೆ ಭಯವಾಗಲಿಲ್ಲ. ಭಯ ಆಮೇಲೆ ಬಂತು. ಆ ಗಳಿಗೆಯಲ್ಲಿ ನನ್ನ ಕೈ ತಾನಾಗಿ ಎದ್ದು ಲೋಕೇಶನ ಹೆಗಲನ್ನು ಹಾಗೆಯೇ ತಟ್ಟಿತು. ಅವನಿಗೆ ಸನ್ನೆ ಗೊತ್ತಿರಲಿಲ್ಲವಲ್ಲ, "ಏನವ್ವ?" ಎಂದನೇ ಹೊರತು ನಿಲ್ಲಿಸಲಿಲ್ಲ. ಆಗ ನಾನು ಕೂಗಿದೆ. ಹುಟ್ಟಿದಾಗಿನಿಂದ ಅಷ್ಟು ಗಟ್ಟಿಯಾಗಿ ಕೂಗಿದವಳಲ್ಲ. "ನಿಲ್ಸೋ, ನಿಲ್ಸೋ ಲೋಕೇಶ" ಎಂದೆ.

ಅವನು ಬ್ರೇಕು ಹಾಕಿದ. ಬೈಕು ಎಳೆದುಕೊಂಡು ಹೋಗಿ ತಿರುವಿನ ಬಾಯಲ್ಲಿ ನಿಂತಿತು. "ಏನಾತವ್ವ? ಸೆರಗೇನಾದ್ರೂ ಚಕ್ರಕ್ಕೆ ಸಿಕ್ತಾ?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿದೆ. "ಮತ್ಯಾಕ್ ಅಂಗೆ ಕಿರುಚ್ಕಂಡೆ? ಬಸ್ಸು ತಪ್ಪೋಯ್ತದೆ" ಎಂದು ಸಿಡುಕಿದ. ನಾನು ಇಳಿದೆ. ಅವನು ಗಾಡಿ ಆಫ್ ಮಾಡಿದ. ಸದ್ದು ನಿಂತ ಮೇಲೆ ತಿರುವಿನಾಚೆಯಿಂದ ಯಾರೋ ನರಳುವುದು ಕೇಳಿಸಿತು.

ನಡೆದುಕೊಂಡು ಹೋದೆವು. ರಸ್ತೆಯ ತುಂಬ ಹುರುಳಿ. ಹಿಂದಿನ ದಿನ ಹಾಕಿದ್ದನ್ನು ಸಂಜೆ ಒಟ್ಟದೆ ಬಿಟ್ಟಿದ್ದರು. ಇಬ್ಬನಿಗೆ ನೆನೆದು ಪಾಚಿಯ ಹಾಗೆ ಜಾರುತ್ತಿತ್ತು. ಅದರ ಮೇಲೆ ಬಿಳಿ ಸೇವಂತಿಗೆ ಹೂವು ಚೆಲ್ಲಿತ್ತು, ಮಂಜಿನಲ್ಲಿ ಏನೆಂದೇ ತಿಳಿಯಲಿಲ್ಲ. ಹೂವಿನ ನಡುವೆ, ರಸ್ತೆಗೆ ಅಡ್ಡವಾಗಿ ಒಬ್ಬ ಹುಡುಗ ಬಿದ್ದಿದ್ದ. ಇಪ್ಪತ್ತೈದು ಇರಬಹುದು. ಒಂದು ಕಾಲು ಬೈಕಿನ ಕೆಳಗೆ ಸಿಕ್ಕಿತ್ತು. ಹೊಳೆನರಸೀಪುರದಲ್ಲಿ ಹೂವು ಕೊಂಡು ಅರಕಲಗೂಡಿನ ಅಂಗಡಿಗಳಿಗೆ ಹಾಕುವವನು ಎಂದು ಆಮೇಲೆ ತಿಳಿಯಿತು. ಅವನ ಹೆಲ್ಮೆಟ್ಟಿನ ಒಂದು ಪಕ್ಕ ಪೂರ್ತಿ ತರಚಿಹೋಗಿತ್ತು. ಒಳಗೆ ತಲೆ ನೆಟ್ಟಗಿತ್ತು.

ನಾವು ನಿಲ್ಲಿಸಿದ ಜಾಗಕ್ಕೂ ಅವನ ತಲೆಗೂ ಹದಿನೈದು ಹೆಜ್ಜೆ. ನಿಮ್ಮಪ್ಪ ಹೆಜ್ಜೆ ಎಣಿಸಿಕೊಂಡು ಎರಡು ಸಲ ಹೋಗಿ ಬಂದ. ಆಮೇಲೆ ರಸ್ತೆಯ ಮೇಲೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ನಾನು ಅವನ ಮ್ಯಾಲೇ ಹತ್ತಿಸ್ಬುಡ್ತಿದ್ದೆ ಕಣವ್ವ" ಎಂದ.

"ಫೋನ್ ಮಾಡಪ್ಪ ಮೊದ್ಲು" ಎಂದೆ.

ಅವನು ಆಂಬುಲೆನ್ಸಿಗೆ ಫೋನು ಮಾಡಿ, ನಮ್ಮ ಬೈಕನ್ನು ತಿರುವಿನ ಬಾಯಲ್ಲೇ ಲೈಟು ಹಾಕಿ ನಿಲ್ಲಿಸಿ, ಯಾರೂ ನುಗ್ಗದ ಹಾಗೆ ಅಲ್ಲೇ ಕಾಯುತ್ತ ನಿಂತ. ನಾನು ಹುಡುಗನ ಪಕ್ಕ ಕೂತು ಅವನ ಕೈ ಹಿಡಿದುಕೊಂಡೆ. "ಬಿದ್ದು ಎಷ್ಟೊತ್ತಾತಪ್ಪ?" ಎಂದು ಕೇಳಿದೆ. "ಬಾಳೊತ್ತಾತು ಅಜ್ಜಿ. ಇನ್ನೂ ಕತ್ಲಿತ್ತು. ಕೂಗಕ್ಕೆ ಉಸ್ರೇ ಬರ್ಲಿಲ್ಲ" ಎಂದ. ಅಜ್ಜಿ ಎಂದು ನನ್ನನ್ನು ಕರೆದ ಮೊದಲ ಪರಸ್ಥಳದವನು ಅವನೇ.

ಅವನನ್ನು ಸಾಗಿಸಿದ ಮೇಲೆ ನಾನು ಬಸ್ಸಿನ ಮಾತೆತ್ತಲಿಲ್ಲ. ಸೀರೆ ಎತ್ತಿಕಟ್ಟಿ, ಒದ್ದೆ ಹುರುಳಿಯನ್ನು ಕೈಯಲ್ಲೇ ಬಾಚಿ ಬಾಚಿ ಏರಿಯ ಪಕ್ಕಕ್ಕೆ ಎಳೆದುಹಾಕತೊಡಗಿದೆ. ಅಷ್ಟರಲ್ಲಿ ಹುರುಳಿಯ ಒಡತಿ ನಿಂಗಮ್ಮ ಕವೆಗೋಲು ಹಿಡಿದು ಬಂದಳು. ನಮ್ಮ ಬೀದಿಯವಳೇ.

"ಅಕ್ಕ, ಅಕ್ಕ, ಕಾಳೆಲ್ಲ ಮಣ್ಪಾಲಾಯ್ತದೆ. ಯಾಕಿಂಗೆ ಎಳ್ದಾಕ್ತಿದ್ದೀಯ?" ಎಂದಳು.

"ಒಂದ್ ಹುಡ್ಗ ಬಿದ್ದಿದ್ದ ಕಣ್ ನಿಂಗಿ. ಕಾಲು ಮುರಿದದೆ."

"ಓಗೋರು ಕಣ್ ಬಿಟ್ಕಂಡು ಓಗ್ಬೇಕಪ್ಪ. ಊರೋರೆಲ್ಲ ಆಕ್ತಾರೆ, ನಾನೊಬ್ಳೇ ಆಕಿದ್ದೀನಾ? ನಿಮ್ಮನೇರು ಆಕಿರ್ಲಿಲ್ವಾ?" ಎಂದಳು. ಅಂದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

"ಆಕಿದ್ವಿ" ಎಂದೆ. "ನಾನೇ ಆಕಿದ್ದೆ. ಅದ್ಕೇ ಎಳೀತಿರೋದು."

ಮೂರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಕವೆಗೋಲು ಒಡ್ಡಿ ನಿಂಗಮ್ಮನೂ ಎಳೆಯತೊಡಗಿದಳು. ಲೋಕೇಶ ಬಂದು ಅವಳ ಕೈಯಿಂದ ಕವೆಗೋಲು ಇಸಿದುಕೊಂಡ. ರಸ್ತೆಯ ಟಾರು ಕಾಣುವ ಹೊತ್ತಿಗೆ ಮಂಜು ಹರಿದು ಕೆರೆಯ ನೀರು ಕಂಡಿತು.

ಮನೆಗೆ ಬಂದು ಸ್ವೆಟರ್ ಬಿಚ್ಚಿ ಮಡಿಸುವಾಗ ವಾರ್ನಿಷ್ ವಾಸನೆ ಬಂತು. ಎಡ ಹೆಗಲಿನ ಹತ್ತಿರ ಮಾತ್ರ. ಮೂಗಿಗೆ ಹಿಡಿದು ನೋಡಿದೆ, ಬಲ ಹೆಗಲಿನಲ್ಲಿ ಇರಲಿಲ್ಲ. ನಿಮ್ಮ ತಾತನ ಸಾಮಾನೆಲ್ಲ ಎಂದೋ ಬೇರೆಯವರಿಗೆ ಕೊಟ್ಟಾಗಿತ್ತು, ಮನೆಯಲ್ಲಿ ವಾರ್ನಿಷ್ ಡಬ್ಬಿ ಇರಲಿಲ್ಲ. ಸೊಸೆಯನ್ನು ಕರೆದು, ಇದರಲ್ಲಿ ಏನಾದರೂ ವಾಸನೆ ಬರುತ್ತದೆಯೇ ನೋಡು ಎಂದೆ. ಅವಳು ಮೂಸಿ, "ಹುರ್ಳಿ ವಾಸ್ನೆ ಕಣತ್ತೆ, ಒಗ್ಯಾಕ್ ಆಕ್ತೀನಿ ಕೊಡಿ" ಎಂದಳು. ಹಾಗಾಗಿ ಆ ವಾಸನೆಯ ಮಾತನ್ನು ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ನನಗೆ ಬಂದದ್ದನ್ನು ಬರೆದಿದ್ದೇನೆ.

ಹೆಗಲು ತಟ್ಟಿದ್ದನ್ನು ಮಾತ್ರ ಬಿಟ್ಟುಕೊಡಲಾರೆ. ಅದಕ್ಕೆ ಕಾರಣ ಹುಡುಕಲು ನನ್ನಿಂದಾದದ್ದನ್ನು ಮಾಡಿದ್ದೇನೆ. ಬಿದ್ದ ಸದ್ದು ನನ್ನ ಕಿವಿಗೆ ತಾಗಿತ್ತೇ? ಅವನು ಕತ್ತಲಿರುವಾಗಲೇ ಬಿದ್ದಿದ್ದ, ನಾವು ಆಗ ಮನೆಯಲ್ಲಿದ್ದೆವು. ಕೊಂಬೆ ತಾಗಿರಬೇಕು ಎಂದು ನಿಮ್ಮಪ್ಪ ಹೇಳಿದ. ಒಂದು ಮಧ್ಯಾಹ್ನ ಒಬ್ಬಳೇ ನಡೆದುಹೋಗಿ ನೋಡಿ ಬಂದೆ. ಏರಿಯ ಮೇಲೆ ಇರುವುದು ಮೂರು ಜಾಲಿ ಮರ, ಮೂರೂ ಬಲಗಡೆಗೆ, ನೀರಿನ ಕಡೆಗೆ. ಎಡಗಡೆ ಬರೀ ಇಳಿಜಾರು, ಆಮೇಲೆ ಗದ್ದೆ. ಆ ಜಾಗದ ಹೆದರಿಕೆಯೇ ಹಾಗೆ ಅನ್ನಿಸಿತು ಎನ್ನಬಹುದು. ಆದರೆ ಆ ಮೂರು ವರ್ಷದಲ್ಲಿ ನಾನು ಅಲ್ಲಿ ಎಷ್ಟೋ ಸಲ ಹೆದರಿಕೊಂಡೇ ಹೋಗಿದ್ದೆ. ಯಾವತ್ತೂ ಹಾಗಾಗಿರಲಿಲ್ಲ. ಆಮೇಲೂ ಆಗಿಲ್ಲ. ಒಂದೊಂದು ಸಲ, ಆಗಲಿ ಎಂದು ಕಾದು ಕೂತಿದ್ದೂ ಉಂಟು.

ಮತ್ತೂ ಒಂದು ಮಾತಿದೆ. ಆ ಸನ್ನೆ ನಾನು ಅವರಿಗೆ ಮಾಡುತ್ತಿದ್ದದ್ದು. ಅವರು ಒಂದು ದಿನವೂ ನನಗೆ ಹಾಗೆ ತಟ್ಟಿದವರಲ್ಲ. ತಟ್ಟಬೇಕಾಗಿದ್ದವಳು ನಾನು. ನಾನು ಕೊಡದೆ ಉಳಿಸಿಕೊಂಡ ಎರಡು ಏಟು ನನಗೇ ತಿರುಗಿ ಬಂತೋ, ಅಥವಾ ಹೋದವರು ಅದನ್ನು ಕಲಿತುಕೊಂಡು ಬಂದರೋ, ನನಗೆ ತಿಳಿಯದು. ನನ್ನ ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದನೋ ಅದೂ ತಿಳಿಯದು.

ಆ ಹುಡುಗನ ಕಾಲು ಕೂಡಿತು, ಸ್ವಲ್ಪ ಕುಂಟು ಉಳಿದಿದೆ. ಈಗ ಅರಕಲಗೂಡಿನ ಸಂತೆಯಲ್ಲಿ ಸ್ವಂತ ಹೂವಿನ ಅಂಗಡಿ ಇಟ್ಟಿದ್ದಾನೆ. ನಾನು ಹೋದರೆ ಕೇಳಿದ್ದಕ್ಕಿಂತ ಒಂದು ಮಾರು ಜಾಸ್ತಿ ಅಳೆದು ಕೊಡುತ್ತಾನೆ. ಮುಡಿಯುವವಳಲ್ಲ ಎಂದು ಗೊತ್ತಿದ್ದೂ ಕೊಡುತ್ತಾನೆ. ನಿಮ್ಮ ತಾತನ ಫೋಟೋಗೆ ನಾನು ಹಾಕುವ ಸೇವಂತಿಗೆ ಅದೇ. ಹುರುಳಿಯನ್ನು ನಮ್ಮ ಮನೆಯವರು ಆಮೇಲೆ ರಸ್ತೆಗೆ ಹಾಕಿಲ್ಲ. ನಿಂಗಮ್ಮನೂ ಹಾಕಿಲ್ಲ. ಉಳಿದವರು ಹಾಕುತ್ತಾರೆ.

ಅದಕ್ಕೇ ಚಂದನ್, ತಿರುವಿನಾಚೆ ಹುರುಳಿ ಇದೆ ಎಂದುಕೊಂಡೇ ಓಡಿಸು. ಯಾರೋ ಬಿದ್ದಿದ್ದಾರೆ ಎಂದುಕೊಂಡೇ ಓಡಿಸು. ಹೆಲ್ಮೆಟ್ಟಿನಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬರಬೇಡ. ಮೊದಲ ದಿನ ನಿನ್ನ ಹಿಂದೆ ನಾನು ಕೂರುತ್ತೇನೆ, ಏರಿಯವರೆಗೆ ಹೋಗಿ ಬರೋಣ. ಹೆಗಲ ಮೇಲೆ ಕೈ ಇಡುತ್ತೇನೆ, ನಿನ್ನ ಗೆಳೆಯರು ನಕ್ಕರೆ ನಗಲಿ. ಒಂದು ಸಲ ತಟ್ಟಿದರೆ ನಿಧಾನ ಮಾಡು, ಎರಡು ಸಲ ತಟ್ಟಿದರೆ ನಿಲ್ಲಿಸು. ಯಾಕೆಂದು ಆಮೇಲೆ ಕೇಳು.

ಮುಂದೆ ಎಂದಾದರೂ ನೀನು ಒಬ್ಬನೇ ಹೋಗುವಾಗ ಹಾಗೆ ಆದರೆ, ಹಿಂದೆ ತಿರುಗಿ ನೋಡಬೇಡ. ಆಗಲೂ ನಿಲ್ಲಿಸು.